ಉತ್ತರಭಾಗದ ಒಂದು ಚಲಚ್ಚಿತ್ರ: ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಮತ್ತು ಕಿತ್ತೂರು ಸೀಮೆಯ ಪ್ರೇಕ್ಷಕ

ಇತಿಹಾಸದ ಆಕರಗಳು ಯಾವವು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಶಾಸನ, ತಾಮ್ರಪಟ, ನಾಣ್ಯ, ಬಖೈರು, ಸರಕಾರಿ ದಫ್ತರ ಎಂದು ತಡವರಿಸದೆ ಹೇಳುತ್ತಾರೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಈ ಸೀಮೆಯಲ್ಲಿ ಅಂಥ ಆಕರಗಳಿಗೆ ಕೊರತೆಯೂ ಇಲ್ಲ. ಸವದತ್ತಿಯಲ್ಲಿ ರಟ್ಟರ ಶಾಸನಗಳಿವೆ. ಕಿತ್ತೂರಿನಲ್ಲಿ ಹಾಳುಬಿದ್ದ ಅರಮನೆಯಿದೆ. ರಾಮದುರ್ಗಕ್ಕೆ ೧೯೪೮ರ ವರೆಗೆ ತನ್ನದೇ ಆದ ಸಂಸ್ಥಾನದ ಚರಿತ್ರೆಯಿದೆ. ಆದರೆ ೧೯೬೮ರಲ್ಲಿ ತೆರೆಗೆ ಬಂದ ಕಡಿಮೆ ವೆಚ್ಚದ, ಕಪ್ಪು-ಬಿಳುಪಿನ ಸಾಹಸಚಿತ್ರವೊಂದು, ಅದೂ ಮತ್ತೊಂದು ಚಿತ್ರದ ಗೆಲುವಿನ ಬೆನ್ನು ಹತ್ತಿ ಬಂದ ಚಿತ್ರ, ಆಕರವಾಗಬಲ್ಲದೆ ಎಂದು ಕೇಳಿದರೆ ತರಗತಿಯಲ್ಲಿ ನಗೆ ಏಳುತ್ತದೆ. ಆ ನಗೆಗೆ ಕಾರಣವಿಲ್ಲವೆಂದು ತೋರಿಸುವದೇ ಪ್ರಸ್ತುತ ಲೇಖನದ ಉದ್ದೇಶ. ಚಿತ್ರವು ಕಲೆಯ ದೃಷ್ಟಿಯಿಂದ ಶ್ರೇಷ್ಠವೋ ಅಲ್ಲವೋ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿಲ್ಲ. ಅಗ್ಗದ ಸರಕು ಎಂಬ ಮಾತು ಇತಿಹಾಸಕಾರನಿಗೆ ಅಡ್ಡಿಯಾಗಬೇಕಾಗಿಲ್ಲ. ಮಡಿಕೆಯ ಚೂರಿಗಿಂತ ಅಗ್ಗದ ಸರಕು ಯಾವದಿದೆ?

ಮೊದಲು ಸಂಗತಿಗಳನ್ನು ಹೇಳಬೇಕು. ೧೯೬೮ರಲ್ಲಿ ‘ಜೇಡರ ಬಲೆ’ ಎಂಬ ಕನ್ನಡ ಚಿತ್ರವು ಬಿಡುಗಡೆಯಾಯಿತು. ನಿರ್ದೇಶಕರು ದೊರೆ-ಭಗವಾನ್ ಎಂಬ ಜೋಡಿ ಹೆಸರಿನಿಂದ ಮುಂದೆ ಪ್ರಸಿದ್ಧರಾದ ಇಬ್ಬರು: ಛಾಯಾಗ್ರಾಹಕರಾಗಿ ಕೈಪಳಗಿಸಿಕೊಂಡಿದ್ದ ಬಿ. ದೊರೆರಾಜ್, ಮತ್ತು ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ಕೈಕೆಳಗೆ ಸಹಾಯಕರಾಗಿ ೧೯೫೬ರಲ್ಲಿ ಉದ್ಯಮಕ್ಕೆ ಬಂದ ಎಸ್. ಕೆ. ಭಗವಾನ್. ನಾಯಕನು ಪ್ರಕಾಶ್ ಎಂಬ ಗುಪ್ತಚಾರ. ಅವನ ಸಂಖ್ಯೆ ೯೯೯. ಪಾತ್ರವನ್ನು ವಹಿಸಿದವರು ರಾಜಕುಮಾರ್, ನಾಯಕಿ ಜಯಂತಿ, ಸಂಗೀತ ಜಿ. ಕೆ. ವೆಂಕಟೇಶರದು. ಚಿತ್ರವು ಗೆದ್ದಿತು. ಅದೇ ವರ್ಷದಲ್ಲಿಯೇ ಅದೇ ನಿರ್ದೇಶಕರು, ಅದೇ ನಾಯಕ, ಅದೇ ಸಂಗೀತಗಾರರು ಸೇರಿ ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಎಂಬ ಎರಡನೆಯ ಚಿತ್ರವನ್ನು ತಂದರು. ಈ ಸಲ ನಾಯಕಿ ಲಕ್ಷ್ಮಿ; ಮುಂದೆ ದಕ್ಷಿಣದ ಎಲ್ಲ ಭಾಷೆಗಳಲ್ಲಿಯೂ ಹಿಂದಿಯಲ್ಲಿಯೂ ಹೆಸರು ಮಾಡಿದ ಈ ನಟಿಗೆ ಕನ್ನಡದಲ್ಲಿ ಇದೇ ಮೊದಲ ಚಿತ್ರ. ಹಾಸ್ಯಕ್ಕೆ ನರಸಿಂಹರಾಜು ಇದ್ದರು. ಮರುವರ್ಷ ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ಬಂದಿತು; ಹಿಂದಿ ಚಿತ್ರರಂಗದ ರೇಖಾ ನಾಯಕಿಯಾಗಿ ಮೊಟ್ಟಮೊದಲು ಕಾಣಿಸಿಕೊಂಡದ್ದು ಇದರಲ್ಲಿಯೇ. ಎರಡು ವರ್ಷಗಳಲ್ಲಿ ಮೂರು ಚಿತ್ರಗಳು. ಈ ವೇಗವೇ ನಮ್ಮ ಮೊದಲ ಸಾಕ್ಷ್ಯ.

ಇವನ್ನು ‘ಉತ್ತರಭಾಗ’ ಎಂದು ಕರೆಯುವಾಗ ಸ್ವಲ್ಪ ಎಚ್ಚರ ಬೇಕು. ರಾಮಾಯಣಕ್ಕೆ ಉತ್ತರಕಾಂಡವಿದ್ದಂತೆ ಹಿಂದಿನ ಕತೆಯೇ ಇಲ್ಲಿ ಮುಂದುವರಿಯುವದಿಲ್ಲ. ಕತೆ ಹೊಸದು, ನಾಯಕಿ ಹೊಸಬಳು, ಖಳನೂ ಹೊಸಬ. ನಾಯಕನೂ ಅವನ ಸಂಖ್ಯೆಯೂ ಮಾತ್ರ ಹಳೆಯವು. ಈ ರಚನೆ ಕನ್ನಡದ ಓದುಗನಿಗೆ ಅಪರಿಚಿತವಾಗಿರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ೧೯೫೦ರ ದಶಕದಿಂದಲೂ ಕಾದಂಬರಿಯಿಂದ ಕಾದಂಬರಿಗೆ ನಡೆದು ಬರುತ್ತಿದ್ದನು. ಆ ಪುಸ್ತಕಗಳನ್ನು ವಿದ್ವಾಂಸರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ; ಆದರೆ ಬಸ್ ನಿಲ್ದಾಣಗಳಲ್ಲಿ, ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಕನ್ನಡ ಓದುವ ರೂಢಿಯನ್ನು ಹಬ್ಬಿಸಿದವುಗಳಲ್ಲಿ ಅವೂ ಮುಖ್ಯವಾದವು. ಸಂಖ್ಯೆ ೯೯೯ರ ಗುಪ್ತಚಾರನಿಗೆ ವಿದೇಶದಲ್ಲಿ ಒಬ್ಬ ತಂದೆಯಿದ್ದರೆ ಸ್ವದೇಶದಲ್ಲಿ ಈ ಪುರುಷೋತ್ತಮನು ಅಣ್ಣನಾಗಬೇಕು.

ವಿದೇಶದ ತಂದೆ ಯಾರೆಂಬದು ಎಲ್ಲರಿಗೂ ಗೊತ್ತಿರುವದೇ. ಇಯಾನ್ ಫ್ಲೆಮಿಂಗನ ಜೇಮ್ಸ್ ಬಾಂಡ್ ೧೯೬೨ರ ‘ಡಾಕ್ಟರ್ ನೋ’ ಚಿತ್ರದಿಂದ ತೆರೆಗೆ ಬಂದನು. ೧೯೬೭ರ ಹೊತ್ತಿಗೆ ಅವನ ಐದು ಚಿತ್ರಗಳು ಲೋಕವನ್ನೆಲ್ಲ ಸುತ್ತಿದ್ದವು. ಸಂಖ್ಯೆ ೦೦೭ಕ್ಕೆ ಎದುರಾಗಿ ೯೯೯ನ್ನು ನಿಲ್ಲಿಸಿದ್ದರಲ್ಲಿಯೇ ಒಂದು ತುಂಟತನವಿದೆ. ಭಾರತದಲ್ಲಿ ಈ ಬಗೆಯ ಚಿತ್ರವನ್ನು ಮೊದಲು ತಂದ ಕೀರ್ತಿಯನ್ನು ಕೆಲವರು ‘ಜೇಡರ ಬಲೆ’ಗೆ ಕೊಡುವದುಂಟು. ಅಭಿಮಾನದ ಮಾತಾಗಿ ಅದು ಸರಿಯಾದೀತು, ಕಾಲಗಣನೆಗೆ ಹೊಂದುವದಿಲ್ಲ. ತೆಲುಗಿನಲ್ಲಿ ಕೃಷ್ಣ ನಟಿಸಿದ ‘ಗೂಢಚಾರಿ ೧೧೬’ ೧೯೬೬ರಲ್ಲಿಯೇ ಬಂದಿತ್ತು; ಅದರ ಹಿಂದಿ ರೂಪವಾದ ‘ಫರ್ಜ್’ ೧೯೬೭ರಲ್ಲಿ ಜಿತೇಂದ್ರನಿಗೆ ಹೆಸರು ತಂದಿತು; ತಮಿಳಿನಲ್ಲಿ ಜೈಶಂಕರನ ‘ವಲ್ಲವನ್ ಒರುವನ್’ ಕೂಡ ೧೯೬೬ರದು. ಹೀಗಿರುವಾಗ ಕನ್ನಡವು ಮೊದಲಿನದಲ್ಲ. ಆದರೆ ಅದೇ ನಾಯಕನನ್ನು, ಅದೇ ಸಂಖ್ಯೆಯೊಡನೆ, ಅದೇ ನಿರ್ದೇಶಕರು ಚಿತ್ರದಿಂದ ಚಿತ್ರಕ್ಕೆ ಕೊಂಡೊಯ್ದು ಮಾಲಿಕೆಯನ್ನಾಗಿ ಮಾಡಿದ್ದು ಕನ್ನಡದ ವಿಶೇಷ. ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಮಾರುಕಟ್ಟೆ ಎಲ್ಲಕ್ಕಿಂತ ಚಿಕ್ಕದಾಗಿದ್ದ ಭಾಷೆಯಲ್ಲಿ ಇದು ಏಕೆ ಬೇಕಾಯಿತು?

ಉತ್ತರದ ಒಂದು ಪಾಲು ಡಬ್ಬಿಂಗ್ ಪ್ರಶ್ನೆಯಲ್ಲಿದೆ. ೧೯೬೦ರ ದಶಕದ ಮೊದಲರ್ಧದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿ ಕನ್ನಡ ಚಳುವಳಿ ನಡೆಯಿತು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಹಚ್ಚಿ ತರುವ ಪದ್ಧತಿಯು ಆ ದಶಕದ ನಡುವಿಗೆ ನಿಂತುಹೋಯಿತು. ಇದರ ಫಲವನ್ನು ಭಾಷಾಭಿಮಾನದ ಲೆಕ್ಕದಲ್ಲಿ ಮಾತ್ರ ನೋಡುವದು ರೂಢಿ. ಅದಕ್ಕೆ ಆರ್ಥಿಕ ಮುಖವೂ ಇತ್ತು. ಮಾಯಾಜಾಲ, ಕತ್ತಿವರಸೆ, ಗುದ್ದಾಟ, ಕುದುರೆ ಸವಾರಿ ಇಂಥ ದೊಡ್ಡ ಖರ್ಚಿನ ಬೆರಗನ್ನು ಪ್ರೇಕ್ಷಕನು ಕನ್ನಡದ ಮಾತಿನಲ್ಲಿ ಡಬ್ಬಿಂಗ್ ಚಿತ್ರಗಳಿಂದ ಪಡೆಯುತ್ತಿದ್ದನು. ಆ ಬಾಗಿಲು ಮುಚ್ಚಿದ ಮೇಲೆ ಅವನ ಹಸಿವು ಹಾಗೆಯೇ ಉಳಿಯಿತು. ಅದನ್ನು ಹಿಂಗಿಸುವ ಹೊಣೆ ಕನ್ನಡದ ನಿರ್ಮಾಪಕನ ಮೇಲೆ ಬಿದ್ದಿತು, ಮತ್ತು ಅವನ ಕೈಯಲ್ಲಿ ತೆಲುಗಿನವರಷ್ಟು ಹಣವಿರಲಿಲ್ಲ. ಕಡಿಮೆ ವೆಚ್ಚದಲ್ಲಿ ಬೆರಗು ಹುಟ್ಟಿಸುವ ದಾರಿ ಯಾವದು ಎಂಬದೇ ಅವನ ಮುಂದಿನ ಸಮಸ್ಯೆ. ನನ್ನ ಅಭಿಪ್ರಾಯದಲ್ಲಿ ಸಿ.ಐ.ಡಿ. ೯೯೯ ಆ ಸಮಸ್ಯೆಗೆ ಕೊಟ್ಟ ಉತ್ತರ.

ವೆಚ್ಚದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಬಾಂಡನ ಚಿತ್ರಗಳು ವರ್ಣದಲ್ಲಿದ್ದವು. ಕನ್ನಡದಲ್ಲಿ ಪೂರ್ಣ ವರ್ಣಚಿತ್ರವು ೧೯೬೪ರ ‘ಅಮರಶಿಲ್ಪಿ ಜಕಣಾಚಾರಿ’ಯಿಂದಲೇ ಸಾಧ್ಯವಾಗಿದ್ದರೂ ಆ ಖರ್ಚನ್ನು ತಾಳುವ ನಿರ್ಮಾಪಕರು ವಿರಳರಾಗಿದ್ದರು. ಕಚ್ಚಾ ಫಿಲ್ಮು ಹೊರದೇಶದಿಂದ ಬರಬೇಕು; ವಿದೇಶೀ ವಿನಿಮಯದ ಬಿಗಿ, ೧೯೬೬ರ ಜೂನಿನ ರೂಪಾಯಿ ಅಪಮೌಲ್ಯ ಇವು ಅದರ ಬೆಲೆಯನ್ನು ಏರಿಸಿದ್ದವು. ಉದಕಮಂಡಲದ ಹಿಂದೂಸ್ಥಾನ ಫೋಟೋ ಫಿಲ್ಮ್ಸ್ ಕಾರಖಾನೆ ಉತ್ಪಾದನೆ ಆರಂಭಿಸಿದ್ದು ೧೯೬೭ರಲ್ಲಿ, ಅದೂ ಕಪ್ಪು-ಬಿಳುಪಿನಿಂದ. ಚಿತ್ರೀಕರಣಕ್ಕೂ ಸಂಸ್ಕರಣಕ್ಕೂ ಕನ್ನಡದವರು ಇನ್ನೂ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನೇ ನಂಬಿದ್ದರು; ದಿನದ ಬಾಡಿಗೆ ಎಣಿಸಿ ಕೊಡಬೇಕು. ಮೈಸೂರು ಸರಕಾರವು ಆ ದಶಕದ ಉತ್ತರಾರ್ಧದಲ್ಲಿ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡತೊಡಗಿದ್ದು ಈ ಹೊರೆಯನ್ನು ತುಸು ಹಗುರ ಮಾಡಿತು.

ಇಂಥ ಸ್ಥಿತಿಯಲ್ಲಿ ಉತ್ತರಭಾಗದ ಚಿತ್ರವೆಂಬದು ಒಂದು ಉಳಿತಾಯದ ಉಪಾಯ. ಹೊಸ ಚಿತ್ರಕ್ಕೆ ನಿರ್ಮಾಪಕನು ಕೊಡುವ ಅತಿ ದೊಡ್ಡ ಬೆಲೆ ಯಾವದೆಂದರೆ ಅದು ಹೊಸದಾಗಿರುವದಕ್ಕೆ ಕೊಡುವ ಬೆಲೆ. ನಾಯಕನಾರೆಂದು ಪ್ರೇಕ್ಷಕನಿಗೆ ತಿಳಿಸಬೇಕು. ಹಂಚಿಕೆದಾರನಿಗೆ ನಂಬಿಕೆ ಹುಟ್ಟಿಸಬೇಕು. ಅವನು ಮುಂಗಡ ಕೊಟ್ಟರೆ ಮಾತ್ರ ಕೆಲಸ ಮುಂದೆ ಸಾಗಬೇಕು. ಗೆದ್ದ ಚಿತ್ರದ ಸಂಖ್ಯೆಯೊಂದನ್ನು ಹೆಸರಿನಲ್ಲಿ ಸೇರಿಸಿದರೆ ಈ ಮೂರೂ ಕೆಲಸಗಳು ಒಂದೇ ಪಟ್ಟಿನಲ್ಲಿ ಮುಗಿಯುತ್ತವೆ. ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವನ್ನೂ ಗಮನಿಸಬಹುದು. ಮೊದಲ ಚಿತ್ರದ ಹೆಸರು ಒಂದು ರೂಪಕ. ಅದರಲ್ಲಿ ಸಂಖ್ಯೆಯಿಲ್ಲ, ಊರಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಸಪ್ತಮೀ ವಿಭಕ್ತಿ ಬಂದಿತು: ‘ಗೋವಾದಲ್ಲಿ’, ‘ಜಾಕ್‌ಪಾಟ್‌ನಲ್ಲಿ’. ನಾಯಕನು ಸಿದ್ಧವಾಗಿದ್ದಾನೆ, ಅವನನ್ನು ಎಲ್ಲಿ ಇಡಬೇಕೆಂಬದಷ್ಟೇ ಉಳಿದ ಕೆಲಸ ಎಂದು ಆ ವಿಭಕ್ತಿಯೇ ಸಾರುತ್ತದೆ. ಭಿತ್ತಿಪತ್ರದ ವ್ಯಾಕರಣವನ್ನು ಯಾರೂ ಅಧ್ಯಯನ ಮಾಡಿದಂತಿಲ್ಲ, ಮಾಡಿದರೆ ವ್ಯರ್ಥವಾಗದು.

ಹಾಗಾದರೆ ಗೋವೆಯೇ ಏಕೆ? ಇಲ್ಲಿ ವಿಷಯವು ನಮ್ಮ ಸೀಮೆಗೆ ಹತ್ತಿರ ಬರುತ್ತದೆ. ಬೆಂಗಳೂರಿನ ಪ್ರೇಕ್ಷಕನಿಗೆ ಗೋವೆ ಒಂದು ದೂರದ ಕಡಲತಡಿ. ಬೆಳಗಾವಿ ಜಿಲ್ಲೆಯವನಿಗೆ ಅದು ಘಟ್ಟದ ಕೆಳಗಿನ ನೆರೆಮನೆ. ಲೋಂಡೆಯಿಂದ ಕ್ಯಾಸಲ್‌ರಾಕ್ ಮಾರ್ಗವಾಗಿ ಮುರಗಾವಿಗೆ ಹೋಗುವ ರೈಲು ೧೮೮೮ರಷ್ಟು ಹಳೆಯದು. ಕ್ಯಾಸಲ್‌ರಾಕಿನಲ್ಲಿ ಗಡಿಯ ಸುಂಕದ ಕಟ್ಟೆಯಿತ್ತು. ಗೋವೆಯ ಮುಕ್ತಿಗಾಗಿ ೧೯೫೪-೫೫ರಲ್ಲಿ ನಡೆದ ಸತ್ಯಾಗ್ರಹಕ್ಕೆ ಬೆಳಗಾವಿ ಒಂದು ಮುಖ್ಯ ನೆಲೆಯಾಗಿದ್ದಿತು. ೧೯೫೫ರ ಆಗಸ್ಟ್ ೧೫ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು; ಅದೇ ವರ್ಷ ರೈಲಿನ ಸಂಪರ್ಕವೂ ನಿಂತಿತು. ೧೯೬೧ರ ಡಿಸೆಂಬರದಲ್ಲಿ ಭಾರತದ ಸೇನೆ ಗೋವೆಯನ್ನು ಬಿಡಿಸಿತು. ಅಂದರೆ ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಬಂದಾಗ ಅಲ್ಲಿ ಭಾರತದ ಧ್ವಜ ಹಾರಿ ಇನ್ನೂ ಏಳು ವರ್ಷಗಳಾಗಿದ್ದವು. ಮೊನ್ನೆ ಮೊನ್ನೆಯ ವರೆಗೆ ಪರದೇಶವಾಗಿದ್ದ, ಈಗ ಸ್ವದೇಶವಾದ ನೆಲ ಅದು. ಪರವಾನಿಗೆ ಪತ್ರವಿಲ್ಲದೆ ತಲುಪಬಹುದಾದ ವಿದೇಶ! ಕಡಿಮೆ ಹಣದ ಗುಪ್ತಚಾರ ಚಿತ್ರಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ದೊರೆಯುವದು ಸಾಧ್ಯವಿರಲಿಲ್ಲ. ಬಾಂಡನು ಜಮೈಕಾಕ್ಕೆ, ಇಸ್ತಾಂಬೂಲಿಗೆ ಹೋದನು. ನಮ್ಮವನು ಘಟ್ಟ ಇಳಿದನು.

ಆ ಕಾಲದ ರಾಜಕೀಯವನ್ನೂ ಇಲ್ಲಿ ನೆನೆಯಬೇಕು. ಗೋವೆ ಮಹಾರಾಷ್ಟ್ರದೊಡನೆ ವಿಲೀನವಾಗಬೇಕೆ, ಕೇಂದ್ರಾಡಳಿತದಲ್ಲಿಯೇ ಇರಬೇಕೆ ಎಂಬ ಬಗ್ಗೆ ಜನಮತಗಣನೆ ನಡೆದದ್ದು ೧೯೬೭ರ ಜನವರಿ ೧೬ರಂದು; ಜನರು ವಿಲೀನವನ್ನು ಒಪ್ಪಲಿಲ್ಲ. ಗಡಿಯ ಪ್ರಶ್ನೆಗಾಗಿ ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ೧೯೬೭ರ ಆಗಸ್ಟದಲ್ಲಿ ವರದಿ ಸಲ್ಲಿಸಿ ಬೆಳಗಾವಿ ನಗರವು ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದಿತು. ಈ ಎರಡೂ ಸಂಗತಿಗಳು ಚಿತ್ರದ ಹಿಂದಿನ ವರ್ಷದವು. ಇವುಗಳಿಂದ ಪ್ರೇರಿತರಾಗಿಯೇ ನಿರ್ದೇಶಕರು ಗೋವೆಯನ್ನು ಆರಿಸಿದರು ಎಂದು ಹೇಳಿದರೆ ಅತಿವ್ಯಾಪ್ತಿಯಾದೀತು. ಸಾಹಸಚಿತ್ರದಲ್ಲಿ ರಾಜ್ಯಶಾಸ್ತ್ರವನ್ನು ಹುಡುಕುವ ಇತ್ತೀಚಿನ ವಿದ್ವಾಂಸರ ಉತ್ಸಾಹದಲ್ಲಿ ಪಾಲುಗೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಪ್ರೇಕ್ಷಕನು ಯಾವ ಸುದ್ದಿಗಳ ನಡುವೆ ಕುಳಿತು ಈ ಚಿತ್ರವನ್ನು ನೋಡಿದನು ಎಂಬದು ಬೇರೆ ಮಾತು. ಗೋವೆ ಎಂಬ ಹೆಸರು ಆಗ ಬಿಸಿಯಾಗಿತ್ತು. ಹಿಂದಿಯವರೂ ಅದನ್ನು ಬಿಟ್ಟಿರಲಿಲ್ಲ: ಐ. ಎಸ್. ಜೋಹರರ ‘ಜೋಹರ್-ಮೆಹಮೂದ್ ಇನ್ ಗೋವಾ’ ೧೯೬೫ರದು. ಖ್ವಾಜಾ ಅಹಮದ್ ಅಬ್ಬಾಸರ ‘ಸಾತ್ ಹಿಂದೂಸ್ತಾನಿ’ ೧೯೬೯ರದು. ಮೊದಲನೆಯದು ವಿನೋದಕ್ಕಾಗಿ, ಎರಡನೆಯದು ವಿಮೋಚನೆಯ ಸ್ಮರಣೆಗಾಗಿ. ಕನ್ನಡದ ಚಿತ್ರವು ಕಾಲದಲ್ಲಿ ಇವೆರಡರ ನಡುವೆ ನಿಲ್ಲುತ್ತದೆ.

ಕಡಲು, ಕಳ್ಳಸಾಗಾಣಿಕೆ, ಬಂಗಾರ ಎಂಬ ಮೂರು ಮಾತುಗಳು ಆ ದಿನಗಳಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು ಎಂಬದನ್ನೂ ಮರೆಯಬಾರದು. ಚೀನದ ಆಕ್ರಮಣದ ತರುವಾಯ ೧೯೬೩ರ ಜನವರಿಯಲ್ಲಿ ಬಂದ ಬಂಗಾರ ನಿಯಂತ್ರಣ ನಿಯಮಗಳು ೧೪ ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಆಭರಣಗಳನ್ನು ಮಾಡಬಾರದೆಂದವು. ಊರೂರುಗಳ ಪತ್ತಾರರ ಕುಲುಮೆ ಆರಿತು. ಆ ಕಟ್ಟಳೆ ಮುಂದೆ ಸಡಿಲವಾಯಿತು. ೧೯೬೮ರಲ್ಲಿ ಬಂಗಾರ ನಿಯಂತ್ರಣ ಕಾಯಿದೆಯೇ ಬಂದಿತು. ಪಶ್ಚಿಮ ಕರಾವಳಿಯಲ್ಲಿ ದೋಣಿಯಿಂದ ಇಳಿಯುವ ಕಳ್ಳ ಬಂಗಾರದ ಸುದ್ದಿ ವೃತ್ತಪತ್ರಗಳಲ್ಲಿ ಸಾಮಾನ್ಯವಾಗಿತ್ತು. ಆದ್ದರಿಂದ ಕರಾವಳಿಯ ಗುಪ್ತ ಕೂಟವೊಂದರ ಬೆನ್ನು ಹತ್ತುವ ನಾಯಕನು ಬೈಲಹೊಂಗಲದ ಅರಳೆ ಪೇಟೆಯ ಹಮಾಲನಿಗೂ ಅರ್ಥವಾಗತಕ್ಕವನೇ. ಕತೆ ಲಂಡನ್ನಿನಿಂದ ಬಂದಿರಬಹುದು, ಅದಕ್ಕೆ ಒದಗಿದ ಭಯ ಮಾತ್ರ ನಮ್ಮ ಪೇಟೆಯದೇ.

ಈಗ ಸಿ.ಐ.ಡಿ. ಎಂಬ ಶಬ್ದಕ್ಕೆ ಬರೋಣ. ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದ್ದು ಮುಖ್ಯವಾಗಿ ಆ ಮೂರು ಅಕ್ಷರಗಳು. ಶಾಸ್ತ್ರೀಯವಾಗಿ ನೋಡಿದರೆ ಚಿತ್ರದ ಹೆಸರು ತಪ್ಪು. ಸಿ.ಐ.ಡಿ. ಎಂದರೆ ರಾಜ್ಯ ಪೊಲೀಸಿನ ಅಪರಾಧ ತನಿಖೆಯ ವಿಭಾಗ. ದೇಶದ ಶತ್ರುಗಳ ಬೆನ್ನು ಹತ್ತುವ ಗುಪ್ತಚಾರನು ಕೇಂದ್ರದ ಬೇಹುಗಾರಿಕೆಯವನಾಗಿರಬೇಕು. ಹೊರದೇಶಗಳ ಬೇಹಿಗಾಗಿ ‘ರಾ’ ಎಂಬ ಪ್ರತ್ಯೇಕ ಸಂಸ್ಥೆಯು ಸ್ಥಾಪಿತವಾದದ್ದೂ ಕಾಕತಾಳೀಯವಾಗಿ ೧೯೬೮ರ ಸೆಪ್ಟೆಂಬರದಲ್ಲಿಯೇ. ಆದರೆ ಅದರ ಹೆಸರು ಸಾಮಾನ್ಯ ಜನರ ಕಿವಿಗೆ ಬೀಳಲು ವರ್ಷಗಳೇ ಹಿಡಿದವು. ಜನರಿಗೆ ಗೊತ್ತಿದ್ದದ್ದು ಸಿ.ಐ.ಡಿ. ಮಾತ್ರ. ಹೇಗೆ ಗೊತ್ತಿತ್ತು? ೧೯೦೨-೦೩ರ ಪೊಲೀಸ್ ಆಯೋಗದ ಶಿಫಾರಸಿನ ಮೇಲೆ ಪ್ರಾಂತಗಳಲ್ಲಿ ಈ ವಿಭಾಗ ಹುಟ್ಟಿತು. ರಾಜಕೀಯ ಚಟುವಟಿಕೆಗಳ ಮೇಲೆ ಕಣ್ಣಿಡುವದು ಬೇಗನೆ ಅದರ ಕೆಲಸಗಳಲ್ಲಿ ಸೇರಿತು. ೧೯೩೦ರ ಹಾಗೂ ೧೯೪೨ರ ಚಳುವಳಿಗಳಲ್ಲಿ ಬೆಳಗಾವಿ ಜಿಲ್ಲೆ ಮುಂಚೂಣಿಯಲ್ಲಿದ್ದಿತು. ಆ ದಿನಗಳಲ್ಲಿ ಇವನು ಸಿ.ಐ.ಡಿ. ಎಂದರೆ ಸಾದಾ ಉಡುಪಿನಲ್ಲಿ ಸಭೆಯ ಹಿಂದೆ ನಿಂತು ಹೆಸರು ಬರೆದುಕೊಳ್ಳುವವನು, ಭೂಗತ ಕಾರ್ಯಕರ್ತನ ಮನೆಯ ಸುತ್ತ ಸುಳಿಯುವವನು. ಅದು ಬೈಗಳಕ್ಕೆ ಸಮೀಪವಾದ ಮಾತು. ಹಳ್ಳಿಯ ಕಡೆ ಚಾಡಿ ಹೇಳುವವನನ್ನು ಸಿ.ಐ.ಡಿ. ಎಂದು ಕರೆಯುವ ರೂಢಿ ಆ ಅರ್ಥದ ಉಳಿಕೆ.

ಇಪ್ಪತ್ತಾರು ವರ್ಷಗಳಲ್ಲಿ ಅದೇ ಶಬ್ದ ನಾಯಕನ ಬಿರುದಾಯಿತು. ಇಂಥ ಪಲ್ಲಟವನ್ನು ದಫ್ತರದ ಕಾಗದಗಳಲ್ಲಿ ಹುಡುಕಿದರೆ ಸಿಕ್ಕದು. ಕಾಗದದಲ್ಲಿ ವಿಭಾಗದ ಹೆಸರು ಬದಲಾಗಲಿಲ್ಲ, ಕರ್ತವ್ಯಗಳ ಪಟ್ಟಿ ಹೆಚ್ಚಾಗಿ ಬದಲಾಗಲಿಲ್ಲ. ಬದಲಾದದ್ದು ಸರಕಾರದ ಬಗ್ಗೆ ಜನರ ಮನಸ್ಸು. ೧೯೫೬ರ ಹಿಂದಿ ಚಿತ್ರ ‘ಸಿ.ಐ.ಡಿ.’ಯಲ್ಲಿ ದೇವ ಆನಂದ ಆ ಶಬ್ದಕ್ಕೆ ಮೆರುಗು ಕೊಟ್ಟಿದ್ದನು. ಹಿಂದಿ ಚಿತ್ರಗಳು ಯಥೇಚ್ಛವಾಗಿ ನಡೆಯುತ್ತಿದ್ದ ನಮ್ಮ ಜಿಲ್ಲೆಯಲ್ಲಿ ಅದರ ಪರಿಣಾಮವೂ ಆಗಿರಬೇಕು. ಆದರೂ ಸಭೆಯ ಹಿಂದೆ ನಿಂತ ಸಾದಾ ಉಡುಪಿನವನನ್ನು ಕಣ್ಣಾರೆ ಕಂಡವರು ೧೯೬೮ರಲ್ಲಿ ನಡುವಯಸ್ಸಿನವರಾಗಿ ಬದುಕಿದ್ದರು. ಅವರ ಮಕ್ಕಳು ಸಂಖ್ಯೆ ೯೯೯ಕ್ಕೆ ಶಿಳ್ಳು ಹಾಕಿದರು. ಸ್ವಾತಂತ್ರ್ಯ ಬಂದುದರ ಅರ್ಥವೇನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಬರೆಯುವ ಉತ್ತರಗಳಿಗಿಂತ ಈ ಶಿಳ್ಳು ಹೆಚ್ಚು ಪ್ರಾಮಾಣಿಕವಾದ ಉತ್ತರ ಎಂದು ನನಗೆ ತೋರುತ್ತದೆ.

ಪಾತ್ರವನ್ನು ವಹಿಸಿದ ನಟನಿಂದಲೂ ಈ ಪಲ್ಲಟಕ್ಕೆ ಬಲ ಬಂದಿತು. ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ಬೆಳಕಿಗೆ ಬಂದ ರಾಜಕುಮಾರರು ಅಲ್ಲಿಯ ವರೆಗೆ ಮುಖ್ಯವಾಗಿ ಭಕ್ತರು, ರಾಜರು, ಪುರಾಣಪುರುಷರು ಆಗಿದ್ದವರು: ಕನಕದಾಸ, ರಣಧೀರ ಕಂಠೀರವ, ಹರಿಶ್ಚಂದ್ರ, ರಾಘವೇಂದ್ರ ಸ್ವಾಮಿಗಳು, ಇಮ್ಮಡಿ ಪುಲಕೇಶಿ. ನಮ್ಮ ಸೀಮೆಯವರಿಗೆ ಅವರ ಮೇಲೆ ವಿಶೇಷ ಹಕ್ಕು ಕೂಡ ಇತ್ತು. ಬಿ. ಆರ್. ಪಂತುಲು ೧೯೬೧ರಲ್ಲಿ ತಂದ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾದರೆ ಮಲ್ಲಸರ್ಜ ದೇಸಾಯಿಯಾದವರು ರಾಜಕುಮಾರ್. ಕಿತ್ತೂರಿನ ದೊರೆಯಾಗಿ ಅವರನ್ನು ಕಂಡ ಜನ ಏಳು ವರ್ಷಗಳ ತರುವಾಯ ಸೂಟು ತೊಟ್ಟು ಪಿಸ್ತೂಲು ಹಿಡಿದ ಗುಪ್ತಚಾರನಾಗಿ ಕಂಡರು. ಪಾತ್ರಕ್ಕೆ ಗಾಂಭೀರ್ಯವು ಪುಕ್ಕಟೆಯಾಗಿ ದೊರೆಯಿತು. ಇದನ್ನೂ ವೆಚ್ಚದ ಉಳಿತಾಯದಲ್ಲಿಯೇ ಎಣಿಸಬೇಕು: ಹರಿಶ್ಚಂದ್ರನ ಸತ್ಯ, ಮಲ್ಲಸರ್ಜನ ಶೌರ್ಯ ಇವು ಹಿಂದಿನ ನಿರ್ಮಾಪಕರ ಖರ್ಚಿನಲ್ಲಿ ಸಂಪಾದನೆಯಾದವು, ೯೯೯ರ ಲೆಕ್ಕಕ್ಕೆ ಜಮೆಯಾದವು.

ಬಿಡುಗಡೆಯ ಬಗೆಗೆ ಎರಡು ಮಾತು. ಚಿತ್ರ ಬಿಡುಗಡೆಯಾಯಿತು ಎಂದು ನಾವು ಒಂದು ವರ್ಷವನ್ನು ಬರೆದು ಮುಗಿಸುತ್ತೇವೆ. ಅದು ರಾಜಧಾನಿಯ ದಿನಾಂಕ. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆ ಚಂದಗಡ ತಾಲೂಕನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತಾದರೂ ಚಿತ್ರವ್ಯಾಪಾರದ ನಕ್ಷೆಯಲ್ಲಿ ಅದು ಮುಂಬಯಿ ವಲಯದಲ್ಲಿಯೇ ಉಳಿಯಿತು. ಹೈದರಾಬಾದ ಕರ್ನಾಟಕದ ಜಿಲ್ಲೆಗಳು ನಿಜಾಮ ವಲಯದಲ್ಲಿ ಉಳಿದಂತೆಯೇ ಇದು. ರಾಜ್ಯದ ಗಡಿ ಬದಲಾದ ಮೇಲೂ ವ್ಯಾಪಾರದ ಗಡಿ ದಶಕಗಳ ವರೆಗೆ ಬದಲಾಗಲಿಲ್ಲವೆಂಬ ಈ ಸಂಗತಿ ಏಕೀಕರಣದ ಚರಿತ್ರೆ ಬರೆಯುವವರ ಗಮನಕ್ಕೆ ಬರಬೇಕು. ಕನ್ನಡ ಚಿತ್ರಗಳ ಪ್ರತಿಗಳು 　ಬೆಂಗಳೂರು-ಮೈಸೂರುಗಳಲ್ಲಿ ಓಡಿ ದಣಿದ ಮೇಲೆ ಹುಬ್ಬಳ್ಳಿಯ ಹಂಚಿಕೆದಾರರ ಮೂಲಕ ನಮ್ಮ ಕಡೆ ಬರುತ್ತಿದ್ದವು. ಬೆಳಗಾವಿ ಪಟ್ಟಣದಲ್ಲಿ ಹಿಂದಿ, ಮರಾಠಿ ಚಿತ್ರಗಳೊಡನೆ ಸ್ಪರ್ಧೆ. ಮುಂದೆ ತಾಲೂಕು ಊರುಗಳ ಟಾಕೀಜು. ಕೊನೆಗೆ ಸಂಚಾರಿ ಟಾಕೀಜಿನ ಡೇರೆ. ಡೇರೆಯನ್ನು ತಲುಪುವ ಹೊತ್ತಿಗೆ ಫಿಲ್ಮಿನ ಮೇಲೆ ಗೀರುಗಳ ಮಳೆ ಸುರಿಯುತ್ತಿತ್ತು, ತುಂಡಾದ ಕಡೆ ಜೋಡಿಸಿ ಜೋಡಿಸಿ ಕತೆಯೇ ಗಿಡ್ಡಾಗುತ್ತಿತ್ತು. ಒಂದು ರೀಲು ಸುಮಾರು ಸಾವಿರ ಅಡಿ, ಹತ್ತು ಹನ್ನೊಂದು ನಿಮಿಷ. ಗುದ್ದಾಟದ ರೀಲಿನಲ್ಲಿ ಇಪ್ಪತ್ತು ಅಡಿ ಹೋದರೆ ಖಳನು ಏಟು ಬೀಳುವ ಮೊದಲೇ ಉರುಳುತ್ತಿದ್ದನು.

ಸಂಚಾರಿ ಟಾಕೀಜಿನ ಜೀವನ ಬೆಳೆಯ ಕಾಲಮಾನವನ್ನು ಅನುಸರಿಸಿತ್ತು. ಮಳೆಗಾಲದಲ್ಲಿ ಡೇರೆ ನಿಲ್ಲದು. ಸುಗ್ಗಿ ಮುಗಿದು, ಅರಳೆಯ ಹಣ ಕೈಗೆ ಬಂದು, ಜಾತ್ರೆಗಳು ಆರಂಭವಾದ ಮೇಲೆ ಅದಕ್ಕೆ ಕಳೆ. ಸವದತ್ತಿಯ ಗುಡ್ಡಕ್ಕೆ ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳಲ್ಲಿ ಜನ ಎತ್ತಿನ ಬಂಡಿ ಕಟ್ಟಿಕೊಂಡು ಬರುವ ಕಾಲವೇ ನಾಟಕ ಕಂಪನಿಗಳಿಗೂ ಡೇರೆಗಳಿಗೂ ಸುಗ್ಗಿ. ಸ್ಪರ್ಧೆ ಸಾಮಾನ್ಯದ್ದಾಗಿರಲಿಲ್ಲ. ಸವದತ್ತಿ ತಾಲೂಕಿನ ಏಣಗಿಯವರಾದ ಬಾಳಪ್ಪನವರ ಕಂಪನಿಯಂಥ ವೃತ್ತಿರಂಗಭೂಮಿ ಒಂದು ಕಡೆ. ಬೈಲಹೊಂಗಲದ ಕೊಲೆಯ ಕತೆಯನ್ನೇ ಹೇಳುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಇನ್ನೊಂದು ಕಡೆ. ತಮ್ಮೂರಿನ ಪಾತಕವನ್ನು ಬೆಳಗಿನ ವರೆಗೆ ಹಾಡಿ ಕುಣಿದು ನೋಡಬಲ್ಲ ಜನರಿಗೆ ಪತ್ತೇದಾರಿಯಲ್ಲಿ ಹೊಸತೇನಿದೆ ಎಂದು ಕೇಳಬಹುದು. ಹೊಸತಿದ್ದದ್ದು ಒಂದೇ: ಸಣ್ಣಾಟದಲ್ಲಿ ಕೊಂದವನೂ ಸತ್ತವನೂ ಪರಿಚಿತರು, ದುಃಖ ಎಲ್ಲರದು. ಗುಪ್ತಚಾರ ಚಿತ್ರದಲ್ಲಿ ಕೆಡುಕು ಹೊರಗಿನದು. ಅದನ್ನು ಹೊಡೆದು ಓಡಿಸಿದರೆ ಊರು ಸುಖವಾಗಿರುತ್ತದೆ. ಎರಡರಲ್ಲಿ ಸಣ್ಣಾಟವೇ ಹೆಚ್ಚು ಪ್ರಬುದ್ಧ ಎಂಬದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಜನರಿಗೆ ಎರಡೂ ಬೇಕಾಗಿದ್ದವು.

ಉತ್ತರಭಾಗದ ರುಚಿಯನ್ನು ಸಿನೇಮಾ ನಮಗೆ ಕಲಿಸಿತು ಎಂದು ಭಾವಿಸಬೇಕಾಗಿಲ್ಲ. ೧೮೨೪ರ ಅಕ್ಟೋಬರ್ ೨೩ರಂದು ಥ್ಯಾಕರೆ ಬಿದ್ದನು, ಡಿಸೆಂಬರದಲ್ಲಿ ಕೋಟೆ ಬಿದ್ದಿತು, ೧೮೨೯ರ ಫೆಬ್ರುವರಿ ೨ರಂದು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅಲ್ಲಿಗೆ ಕತೆ ಮುಗಿಯಬೇಕು. ಜನಪದವು ಮುಗಿಯಗೊಡಲಿಲ್ಲ, ಸಂಗೊಳ್ಳಿ ರಾಯಣ್ಣನ ಬಂಡಾಯವು ಅದರ ಉತ್ತರಭಾಗವಾಯಿತು. ೧೮೩೧ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ಮೇಲೆ ಲಾವಣಿಗಳು ಅವನನ್ನು ಮತ್ತೆ ಮತ್ತೆ ಎಬ್ಬಿಸಿದವು. ಜೆ. ಎಫ್. ಫ್ಲೀಟನು ೧೮೮೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ಅವುಗಳನ್ನು ಬೀದಿಯ ಹಾಡುಗಳೆಂದು ಕಡೆಗಣಿಸದೆ ಶಾಸನಗಳನ್ನು ಓದಿದ ಅದೇ ಕಣ್ಣಿನಿಂದ ಓದಿದನು. ಆಂಗ್ಲ ಅಧಿಕಾರಿಯೊಬ್ಬನು ನಮ್ಮ ಲಾವಣಿಗೆ ತೋರಿಸಿದ ಈ ಗೌರವವನ್ನು ನಾವು ನಮ್ಮ ಡೇರೆಯ ಸಿನೇಮಾಕ್ಕೆ ತೋರಿಸಲು ಹಿಂಜರಿಯುವದು ವಿಚಿತ್ರ.

ಸಾಧನಗಳು ಇಲ್ಲವೆಂಬ ನೆಪಕ್ಕೂ ಎಡೆಯಿಲ್ಲ. ೧೯೫೨ರ ಚಲಚ್ಚಿತ್ರ ಕಾಯಿದೆಯಂತೆ ಪ್ರತಿಯೊಂದು ಚಿತ್ರಕ್ಕೂ ಪ್ರಮಾಣಪತ್ರವಿದೆ. ಅದರಲ್ಲಿ ಚಿತ್ರದ ಉದ್ದವೂ ರೀಲುಗಳ ಸಂಖ್ಯೆಯೂ ದಾಖಲಾಗುತ್ತವೆ. ೧೯೬೪ರ ಚಿತ್ರಮಂದಿರ ನಿಯಂತ್ರಣ ಕಾಯಿದೆಯಂತೆ ಸಂಚಾರಿ ಟಾಕೀಜೂ ಪರವಾನಿಗೆ ಪಡೆಯಬೇಕು. ೧೯೫೮ರ ಮನರಂಜನೆ ತೆರಿಗೆಯ ಕಾಯಿದೆಯಂತೆ ಮಾರಿದ ತಿಕೀಟುಗಳಿಗೆ ಲೆಕ್ಕವಿಡಬೇಕಾಗಿತ್ತು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ೧೯೬೪ರಿಂದ ಕೆಲಸ ಮಾಡುತ್ತ ಬಂದಿದೆ. ಇವುಗಳೊಡನೆ ಆಟದ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಜಾಹೀರಾತಿನ ಕರಪತ್ರಗಳು ಹಳೆಯ ಮನೆಗಳ ಅಟ್ಟಗಳಲ್ಲಿ ಇನ್ನೂ ಇವೆ. ಮುಚ್ಚಿದ ಟಾಕೀಜುಗಳ ಕಟ್ಟಡಗಳು ಕಲ್ಯಾಣ ಮಂಟಪಗಳಾಗುತ್ತಿರುವ ಈ ಕಾಲದಲ್ಲಿ ಅವುಗಳ ಖಾತೆಪುಸ್ತಕಗಳು ರದ್ದಿಯ ತಕ್ಕಡಿಗೆ ಹೋಗುತ್ತಿವೆ. ಕಿತ್ತೂರಿನ ದಫ್ತರವನ್ನು ಹುಡುಕಿ ಹೋಗುವ ಸಂಶೋಧಕ ವಿದ್ಯಾರ್ಥಿಯು ದಾರಿಯಲ್ಲಿ ಆ ತಕ್ಕಡಿಯ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಮಾಲಿಕೆಯ ಮುಂದಿನ ಕತೆ ಸಂಕ್ಷೇಪವಾಗಿದೆ. ೧೯೬೯ರ ಮೂರನೆಯ ಚಿತ್ರದ ತರುವಾಯ ದೊರೆ-ಭಗವಾನರು ಗುಪ್ತಚಾರನನ್ನು ಬಿಟ್ಟು ಕೌಟುಂಬಿಕ ಚಿತ್ರಗಳತ್ತ ತಿರುಗಿದರು. ೧೯೭೧ರ ‘ಕಸ್ತೂರಿ ನಿವಾಸ’, ೧೯೭೪ರ ‘ಎರಡು ಕನಸು’, ೧೯೭೬ರ ‘ಬಯಲು ದಾರಿ’ ಅವರ ಹೆಸರನ್ನು ನೆಲೆಗೊಳಿಸಿದವು; ಕೊನೆಯ ಎರಡು ಕ್ರಮವಾಗಿ ವಾಣಿ, ಭಾರತೀಸುತರ ಕಾದಂಬರಿಗಳನ್ನು ಆಧರಿಸಿದವು. ಅಗ್ಗದ ಸಾಹಸಚಿತ್ರಗಳು ಗಳಿಸಿಕೊಟ್ಟ ನಂಬಿಕೆಯ ಮೇಲೆಯೇ ಈ ಚಿತ್ರಗಳು ನಿಂತವು ಎಂಬದನ್ನು ಅವುಗಳನ್ನು ಹೊಗಳುವ ವಿಮರ್ಶಕರು ಹೇಳುವದಿಲ್ಲ. ಒಂಬತ್ತು ವರ್ಷಗಳ ಬಿಡುವಿನ ಮೇಲೆ ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಎಂಬ ನಾಲ್ಕನೆಯ ಚಿತ್ರ ಬಂದಿತು. ಈ ಸಲ ವರ್ಣವಿತ್ತು, ಗುಪ್ತಚಾರನು ಘಟ್ಟ ಇಳಿಯುವ ಬದಲು ಹಿಮಾಲಯ ಹತ್ತಿ ನೇಪಾಳಕ್ಕೆ ಹೋದನು, ನಾಯಕಿ ಪದ್ಮಪ್ರಿಯಾ. ಸಂಗೀತ ಮಾತ್ರ ಆಗಲೂ ವೆಂಕಟೇಶರದೇ. ಅದರಲ್ಲಿ ರಾಜಕುಮಾರರು ಒಂದು ಇಂಗ್ಲಿಷ್ ಹಾಡನ್ನು ಹಾಡಿದರು. ಆ ಹಾಡು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದ ತರುವಾಯ ಅಂತರಜಾಲದ ಮೂಲಕ ಕನ್ನಡವೇ ಅರಿಯದ ಯುವಕರ ನಡುವೆ ಹರಡಿತು. ಅವರಲ್ಲಿ ಹೆಚ್ಚಿನವರು ಆ ಗಾಯಕನು ಕಿತ್ತೂರಿನ ಮಲ್ಲಸರ್ಜನೂ ಆಗಿದ್ದನೆಂಬದನ್ನು ಬಲ್ಲವರಲ್ಲ.